ಮನೆ ಬದಲಿಸುವ ಲೆಕ್ಕ

— ಅಂತಿಮ ಬಿ. ಎ. ವಿದ್ಯಾರ್ಥಿನಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ — ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಂಗಳೂರಿಗೆ ಒಬ್ಬರನ್ನಾದರೂ ಕಳುಹಿಸದ ನಂಟರ ಬಳಗ ಅಪರೂಪ. ಹೋದವರ ಸಮಾಚಾರ ಹಬ್ಬಕ್ಕೊಮ್ಮೆ ಬರುತ್ತದೆ. ಮೊದಮೊದಲು ಬರುವುದು ಸಂಬಳದ ಸುದ್ದಿ. ಆಮೇಲಾಮೇಲೆ ಬಾಡಿಗೆಯ ಸುದ್ದಿ. ಈಚಿನ ವರ್ಷಗಳಲ್ಲಿ ಮೂರನೆಯ ಸುದ್ದಿಯೊಂದು ಸೇರಿಕೊಂಡಿದೆ: “ಬೆಂಗಳೂರು ಸಾಕಾಯಿತು, ಮೈಸೂರಿಗೆ ಬಂದುಬಿಡೋಣವೇ?” ಹೌದೆನ್ನುವವರೂ ಬೇಡವೆನ್ನುವವರೂ ಬಾಡಿಗೆಯೊಂದನ್ನೇ ಮುಂದಿಟ್ಟುಕೊಂಡು ವಾದಿಸುತ್ತಾರೆ. ಬಾಡಿಗೆಯೂ ಕೂಲಿಯೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳು. ಒಂದನ್ನು ಬಿಚ್ಚಿ ಬೇರೆ ಊರಿಗೆ ಹೊಡೆದುಕೊಂಡು ಹೋದರೆ ಇನ್ನೊಂದು ತಾನಾಗಿ ಹಿಂದೆ ಬರುವುದಿಲ್ಲ. ಈ ಮಾತನ್ನು ವಾಚಕರ ಮುಂದೆ ಸ್ವಲ್ಪ ವಿಸ್ತರಿಸಿ ಹೇಳಬೇಕೆಂಬುದು ನನ್ನ ಉದ್ದೇಶ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆದುದರಿಂದ ಪಡಿತರ ಚೀಟಿಯ ತಿದ್ದುಪಡಿ, ಬ್ಯಾಂಕಿನ ಅರ್ಜಿ, ಪಹಣಿಯಲ್ಲಿನ ಹೆಸರಿನ ತಕರಾರು ಮುಂತಾದವುಗಳಂತೆ ಈ ಪ್ರಶ್ನೆಯೂ ನನ್ನ ಪಾಲಿಗೆ ಬಂದಿತು. ನನ್ನ ಸೋದರಮಾವ ಒಂಬತ್ತು ವರ್ಷಗಳಿಂದ ಬಿಡದಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾನೆ. ಅತ್ತೆ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯ ಕೆಲಸ ಮಾಡುತ್ತಾಳೆ. ಇಬ್ಬರು ಮಕ್ಕಳು, ದೊಡ್ಡವಳು ಒಂಬತ್ತನೆಯ ತರಗತಿ, ಚಿಕ್ಕವನು ಐದನೆಯದು. ವಾಸ ಕೆಂಗೇರಿಯಲ್ಲಿ. “ಅರ್ಥಶಾಸ್ತ್ರ ಓದಿದ್ದೀಯಲ್ಲ, ಮೈಸೂರಿಗೆ ಬಂದರೆ ಮೇಲೋ ಕೆಂಗೇರಿಯೇ ಮೇಲೋ ಲೆಕ್ಕ ಹಾಕಿ ಹೇಳು” ಎಂದು ಮಾವ ಕೇಳಿದ್ದಾನೆ.

ಲೆಕ್ಕ ಹಾಕುವ ಮೊದಲು ಒಂದು ಸಂಗತಿಯನ್ನು ಬಿಚ್ಚಿ ಹೇಳಬೇಕು. ಈ ತೀರ್ಪಿನಲ್ಲಿ ನಾನೂ ಕಕ್ಷಿದಾರಳೇ. ಅವರು ಮೈಸೂರಿಗೆ ಬಂದರೆ, ಬಿ. ಎ. ಮುಗಿದ ಮೇಲೆ ನಾನು ಅವರ ಮನೆಯಲ್ಲಿದ್ದುಕೊಂಡು ಮಾನಸಗಂಗೋತ್ರಿಯಲ್ಲಿ ಎಂ. ಎ. ಓದಬಹುದು. ಬಂದರೆ ಮಾವ ತಿಂಗಳಿಗೊಮ್ಮೆ ನಮ್ಮ ಮನೆಗೆ ಕಳುಹಿಸುವ ಎರಡು ಸಾವಿರ ರೂಪಾಯಿ ನಿಂತುಹೋಗಲೂಬಹುದು. ಹೀಗೆ ನನ್ನ ಸ್ವಾರ್ಥ ತಕ್ಕಡಿಯ ಎರಡು ತಟ್ಟೆಗಳಲ್ಲಿಯೂ ಇದೆ.

ಮೊದಲು ಬಾಡಿಗೆಯೆಂದರೇನು ಎಂಬುದನ್ನು ನೋಡೋಣ. ರಿಕಾರ್ಡೊ ೧೮೧೭ರಲ್ಲಿ ಭೂಮಿಯ ಗೇಣಿಯನ್ನು ಕುರಿತು ಬರೆದುದನ್ನು ನಾವು ಎರಡನೆಯ ವರ್ಷದಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತೆವು. (ಪ್ರಾಧ್ಯಾಪಕರು ಮನ್ನಿಸಬೇಕು.) ಆತನ ಗಮನ ಹೆಚ್ಚಾಗಿ ಮಣ್ಣಿನ ಸತ್ತ್ವದ ಮೇಲೆ ಇದ್ದಿತು. ಅವನ ತರುವಾಯ ಜರ್ಮನಿಯಲ್ಲಿ ಸ್ವತಃ ಬೇಸಾಯ ಮಾಡಿಸುತ್ತಿದ್ದ ವಾನ್ ಥೂನೆನ್ ಎಂಬಾತ ೧೮೨೬ರಲ್ಲಿ ಬೇರೊಂದು ರೀತಿಯಲ್ಲಿ ಯೋಚಿಸಿದ. ಮಣ್ಣು ಎಲ್ಲೆಡೆಯೂ ಒಂದೇ ಎಂದು ಇಟ್ಟುಕೊಳ್ಳಿ. ನಡುವೆ ಒಂದು ಪಟ್ಟಣ. ಪಟ್ಟಣಕ್ಕೆ ಹತ್ತಿರವಿದ್ದವನಿಗೆ ಗಾಡಿಯ ಖರ್ಚು ಉಳಿಯುತ್ತದೆ. ಉಳಿದ ಆ ಹಣವನ್ನು ಭೂಮಿಯ ಒಡೆಯ ಗೇಣಿಯೆಂದು ಎತ್ತಿಕೊಳ್ಳುತ್ತಾನೆ. ಆದ್ದರಿಂದ ಹಾಲು, ತರಕಾರಿಯಂಥ ಬೇಗ ಕೆಡುವ ಪದಾರ್ಥಗಳು ಪಟ್ಟಣದ ಮಗ್ಗುಲಲ್ಲಿ, ಧಾನ್ಯ ದೂರದಲ್ಲಿ, ದನಕರು ಇನ್ನೂ ದೂರದಲ್ಲಿ. ಹಾಲಿನ ಬದಲು ಮನುಷ್ಯನನ್ನು ಇಟ್ಟರೆ ನಗರದ ಬಾಡಿಗೆ ಅರ್ಥವಾಗುತ್ತದೆ. ಅವನೂ ದಿನಬೆಳಗಾದರೆ ಹೊತ್ತಿಗೆ ಸರಿಯಾಗಿ ತಲುಪಬೇಕಾದ ಸರಕೇ. ಕೆಂಗೇರಿಯ ಎರಡು ಕೋಣೆಯ ಮನೆಗೂ ಹುಣಸೂರಿನ ಎರಡು ಕೋಣೆಯ ಮನೆಗೂ ಇಟ್ಟಿಗೆ, ಸಿಮೆಂಟಿನಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ಕೆಲಸದ ಸಮೀಪತೆಯಲ್ಲಿ. ಬಾಡಿಗೆಯೆಂದು ನಾವು ಕೊಡುವುದರಲ್ಲಿ ಬಹುಪಾಲು ಆ ಸಮೀಪತೆಯ ಬೆಲೆ.

ಕೆಂಗೇರಿಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅದು ಬೆಂಗಳೂರಿನಿಂದ ಬೇರೆಯಾಗಿದ್ದ ಸಣ್ಣ ಊರು, ತನ್ನದೇ ಪುರಸಭೆಯಿದ್ದಿತು. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಅದರೊಳಗೆ ಸೇರಿತು. ೨೦೨೧ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದಿತು. ೨೦೨೩ರ ಅಕ್ಟೋಬರಿನಲ್ಲಿ ಅದನ್ನೂ ದಾಟಿ ಚಲ್ಲಘಟ್ಟ ಮುಟ್ಟಿತು. ಮಾವನ ಮನೆಗೆ ಮೆಟ್ರೋದಿಂದ ಒಂದು ಕಿಟಕಿಯೂ ಹೆಚ್ಚಾಗಲಿಲ್ಲ, ನಲ್ಲಿಯಲ್ಲಿ ಒಂದು ಬಿಂದಿಗೆ ನೀರೂ ಹೆಚ್ಚಾಗಲಿಲ್ಲ. ಬಾಡಿಗೆ ಮಾತ್ರ ಒಂಬತ್ತು ಸಾವಿರದಿಂದ ಹದಿಮೂರು ಸಾವಿರಕ್ಕೆ ಏರಿತು. ವಾನ್ ಥೂನೆನ್ ಹೇಳಿದ ಗಾಡಿಯ ಖರ್ಚು ಇದೇ. ಮಾವ ಹೋಗುವುದು ಕಾರ್ಖಾನೆಯ ಬಸ್ಸಿನಲ್ಲಿ, ಅದೂ ಮೆಟ್ರೋ ಹೋಗದ ದಿಕ್ಕಿಗೆ. ಆದರೂ ಮೆಟ್ರೋದ ಬೆಲೆಯನ್ನು ಅವನೂ ಕೊಡುತ್ತಿದ್ದಾನೆ.

ಕೂಲಿ ಮೊದಲು, ಮನೆ ಆಮೇಲೆ ಎಂಬುದಕ್ಕೆ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ೧೮೩೧ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ವಹಿಸಿಕೊಂಡ ಮೇಲೆ ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಹೋದವು. ಕಚೇರಿಯ ಹಿಂದೆ ಗುಮಾಸ್ತ, ಗುಮಾಸ್ತನ ಹಿಂದೆ ಅಂಗಡಿಯವ, ಅಂಗಡಿಯವನ ಹಿಂದೆ ಕೂಲಿಯವ. ಅಂದಿನಿಂದ ಬಾಡಿಗೆ ಎತ್ತ ವಾಲಿತೆಂಬುದು ನಮಗೆಲ್ಲ ಗೊತ್ತಿರುವುದೇ.

ನಮ್ಮ ನಾಲ್ಕು ತಾಲ್ಲೂಕುಗಳೂ ಸ್ಥಳಾಂತರದ ಪಾಠಶಾಲೆಗಳೇ. ಕಾವೇರಿಯ ಪ್ರವಾಹಕ್ಕೆ ತುತ್ತಾಗುತ್ತಿದ್ದ ಎಡತೊರೆಯನ್ನು ಬಿಟ್ಟು ೧೯೨೦ರ ದಶಕದ ಕಡೆಯಲ್ಲಿ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿ ನಾಲ್ವಡಿಯವರ ಹೆಸರಿನಿಂದ ಕೃಷ್ಣರಾಜನಗರವೆಂದರು. ಅರ್ಕೇಶ್ವರಸ್ವಾಮಿ ಹಳೆಯ ಎಡತೊರೆಯ ಹೊಳೆದಂಡೆಯಲ್ಲಿಯೇ ಉಳಿದ. ಪೇಟೆಬೀದಿ ಹೊಸ ಊರಿಗೆ ಬಂದಿತು. ಜನದೊಡನೆ ಜನದ ಕಸುಬೂ ಬಂದುದರಿಂದ ಊರು ನಿಂತಿತು. ೧೯೬೧ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ವಾಸದೊಡನೆ ಬೇಸಾಯದ ಜಮೀನೂ ದೊರೆಯಿತು. ಅವರು ಕಾಡು ಕಡಿದು ಜೋಳ ಬೆಳೆದರು. ಅಲ್ಲಿಯೂ ಮನೆ ಮತ್ತು ಅನ್ನ ಒಟ್ಟಿಗೇ ಬಂದವು.

ಇನ್ನೊಂದು ಬಗೆಯ ಸ್ಥಳಾಂತರವನ್ನೂ ನಾವು ಕಂಡಿದ್ದೇವೆ. ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಲ್ಲಿ ಹೆಗ್ಗಡದೇವನಕೋಟೆಯ ಹಲವು ಹಳ್ಳಿಗಳು ಮುಳುಗಿದವು. ನಾಗರಹೊಳೆಯ ಕಾಡಿನಿಂದ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಹೊರಗೆ ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಅಂಥ ಕುಟುಂಬಗಳಿಗೆ ಹೆಂಚಿನ ಮನೆಯೂ ಜಮೀನೂ ಸಿಕ್ಕಿತು. ಆದರೆ ಕಾಡಿನ ಬದುಕನ್ನು ಬಲ್ಲವರಿಗೆ ಹೊಲದ ಬದುಕು ಒಂದು ದಿನದಲ್ಲಿ ಬರುವುದೇ? ಇಂದಿಗೂ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಬೆಳಗಿನ ಜಾವ ಜೀಪುಗಳು ಹೋಗುತ್ತವೆ. ಮನೆ ಇಲ್ಲಿ, ಕೂಲಿ ಅಲ್ಲಿ. ಮಾವನ ಸಂಸಾರಕ್ಕೂ ಈ ಜನರ ಕಷ್ಟಕ್ಕೂ ಹೋಲಿಕೆಯಿಲ್ಲವೆಂಬುದು ನಿಜ. ಅವರನ್ನು ಎಬ್ಬಿಸಿದರು, ಇವನು ತಾನೇ ಏಳಬೇಕೆಂದಿದ್ದಾನೆ. ಆದರೂ ಎಲ್ಲಿ ಮಲಗುವುದು, ಎಲ್ಲಿ ದುಡಿಯುವುದು ಎಂಬೆರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಬಿಡಿಸಲಾಗದೆಂಬುದು ಎರಡು ಕಡೆಯೂ ಒಂದೇ.

ಈಗ ಅಂಕಿಗಳಿಗೆ ಬರೋಣ. ಕೆಂಗೇರಿಯಲ್ಲಿ ಮಾವನ ಕೈಗೆ ಬರುವುದು ೨೭,೫೦೦ ರೂಪಾಯಿ, ಅತ್ತೆಯ ಕೈಗೆ ೧೩,೫೦೦, ಒಟ್ಟು ೪೧,೦೦೦. ಬಾಡಿಗೆ ೧೩,೦೦೦, ನೀರು, ಮೆಟ್ಟಿಲ ದೀಪ ಇತ್ಯಾದಿಗೆ ೭೦೦. ಅಂದರೆ ಮೂರರಲ್ಲಿ ಒಂದು ಪಾಲು ಮನೆಗೇ ಹೋಯಿತು. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ವಿಚಾರಿಸಿದಾಗ ಅಂಥದೇ ಮನೆಗೆ ನೀರೂ ಸೇರಿ ೭,೭೦೦ ಎಂದರು. ಮನೆಯಲ್ಲಿ ತಿಂಗಳಿಗೆ ಆರು ಸಾವಿರ ಉಳಿತಾಯ. ಇಬ್ಬರು ಮಕ್ಕಳ ಶಾಲೆಯ ಶುಲ್ಕದಲ್ಲಿ ವರ್ಷಕ್ಕೆ ಹದಿನೆಂಟು ಸಾವಿರ, ಎಂದರೆ ತಿಂಗಳಿಗೆ ಒಂದೂವರೆ ಸಾವಿರ ಕಡಿಮೆ. ಊರಿನಿಂದ ರಾಗಿ, ಅಕ್ಕಿ, ತೆಂಗಿನಕಾಯಿ ತರುವುದು ಸುಲಭವಾಗುವುದರಿಂದ ಐನೂರು. ಒಟ್ಟು ಎಂಟು ಸಾವಿರ. ಇಲ್ಲಿಗೇ ನಿಲ್ಲಿಸಿದರೆ ನಾಳೆಯೇ ಲಾರಿ ತರಿಸಬಹುದು. ನಮ್ಮ ಬಳಗದವರೆಲ್ಲ ಇಲ್ಲಿಗೇ ನಿಲ್ಲಿಸಿಯೂ ಇದ್ದರು.

ಆದರೆ ಮೈಸೂರಿನಲ್ಲಿ ಅದೇ ಫಿಟ್ಟರ್ ಕೆಲಸಕ್ಕೆ ಮಾವನಿಗೆ ಹೇಳಿದ ಸಂಬಳ ೨೧,೫೦೦. ಅತ್ತೆಗೆ ಸಿಗಬಹುದಾದುದು ೧೧,೦೦೦. ಕಳೆಯುವುದು ಎಂಟೂವರೆ ಸಾವಿರ. ಲಾಭ ಎಂಟು, ನಷ್ಟ ಎಂಟೂವರೆ. ಬಾಡಿಗೆಯ ಪಾಲು ಮೂರರಲ್ಲೊಂದರಿಂದ ನಾಲ್ಕರಲ್ಲೊಂದಕ್ಕಿಂತಲೂ ಕೆಳಗಿಳಿಯುತ್ತದೆ. ಆದರೂ ತಿಂಗಳ ಕಡೆಯಲ್ಲಿ ಐನೂರು ರೂಪಾಯಿ ಕಡಿಮೆಯೇ ಉಳಿಯುತ್ತದೆ. ಸಂಬಳ ಕಡಿಮೆಯಾದಷ್ಟೂ ಅದರಲ್ಲಿ ಬಾಡಿಗೆಯ ಪಾಲು ಹೆಚ್ಚೆಂದು ಷ್ವಾಬೆ ಎಂಬ ಜರ್ಮನ್ ತಜ್ಞ ೧೮೬೮ರಲ್ಲಿಯೇ ಬರ್ಲಿನ್ ನಗರದ ಅಂಕಿಗಳಿಂದ ತೋರಿಸಿದ. ಅದು ಒಂದೇ ಊರಿನೊಳಗಿನ ಮಾತು. ಊರನ್ನೇ ಬದಲಿಸುವಾಗ ಪಾಲನ್ನು ನೋಡಿದರೆ ಮೋಸಹೋಗುತ್ತೇವೆ. ಉಳಿಯುವ ಮೊತ್ತವನ್ನು ನೋಡಬೇಕು.

ಸರಕಾರಕ್ಕೆ ಈ ಅಂತರ ಚೆನ್ನಾಗಿ ಗೊತ್ತು. ಕೇಂದ್ರ ಸರಕಾರದ ನೌಕರರಿಗೆ ೨೦೨೪ರ ಜನವರಿಯಿಂದ ಮನೆಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಮೂಲವೇತನದ ಶೇಕಡ ೩೦, ಮೈಸೂರಿನಲ್ಲಿ ಶೇಕಡ ೨೦, ನಮ್ಮಂಥ ಊರುಗಳಲ್ಲಿ ಶೇಕಡ ೧೦. ಭತ್ಯೆ ಇಳಿದರೂ ಮೂಲವೇತನ ಇಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ರೈಲ್ವೆಯ ಗುಮಾಸ್ತನ ಸಂಬಳ ಗುಮಾಸ್ತನಿಗೇ ಅಂಟಿಕೊಂಡಿದೆ. ಅವನು ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ನಿವೃತ್ತರ ಪಿಂಚಣಿಯೂ ಹಾಗೆಯೇ. ೨೦೨೦ರ ಲಾಕ್‌ಡೌನಿನಲ್ಲಿ ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ಊರಿಗೆ ಬಂದು ಹಟ್ಟಿಯ ಜಗಲಿಯಿಂದಲೇ ದುಡಿದವರನ್ನು ನಾವು ನೋಡಿದ್ದೇವೆ. ಅವರ ಸಂಬಳವೂ ಅವರನ್ನು ಹಿಂಬಾಲಿಸಿತು. ಇಂಥವರಿಗೆ ಮೈಸೂರು ನಿಶ್ಚಯವಾಗಿಯೂ ಲಾಭ. ಮಾವನ ಸಂಬಳ ಅಂಟಿರುವುದು ಬಿಡದಿಯ ಯಂತ್ರಕ್ಕೆ. ಕನಿಷ್ಠ ವೇತನವನ್ನು ಕೂಡ ರಾಜ್ಯದಲ್ಲಿ ವಲಯವಾರು ಬೇರೆಬೇರೆಯಾಗಿ ಗೊತ್ತುಮಾಡಿದ್ದಾರೆ. ಬೆಂಗಳೂರಿನ ವಲಯಕ್ಕೆ ಹೆಚ್ಚು.

ಹಾಗಾದರೆ ಮನೆಯನ್ನು ಮೈಸೂರಿನಲ್ಲಿಟ್ಟು ದಿನವೂ ಬಿಡದಿಗೆ ಹೋಗಿಬರಬಾರದೇ ಎಂದು ನಮ್ಮ ತಂದೆ ಕೇಳಿದರು. ೨೦೨೩ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯನ್ನು ನೋಡಿದವರಿಗೆಲ್ಲ ಈ ಆಸೆ ಹುಟ್ಟುತ್ತದೆ. ೧೧೮ ಕಿಲೋಮೀಟರು, ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗೆ ಇಳಿಯಿತು. ಆದರೆ ಅದು ಕಾರುಳ್ಳವರ ಒಂದೂವರೆ ಗಂಟೆ. ಸುಂಕದ ಕಟ್ಟೆಗಳಿವೆ, ೨೦೨೩ರ ಆಗಸ್ಟ್‌ನಿಂದ ಮುಖ್ಯರಸ್ತೆಯಲ್ಲಿ ಬೈಕಿಗೂ ಆಟೋಗೂ ಪ್ರವೇಶವಿಲ್ಲ. ರೈಲಿನಲ್ಲಿ ನೂರೈವತ್ತು ಕಿಲೋಮೀಟರಿನವರೆಗೆ ಸೀಸನ್ ಟಿಕೆಟ್ ಕೊಡುತ್ತಾರಾದ್ದರಿಂದ ಮೈಸೂರು–ಬೆಂಗಳೂರು ನಡುವೆ ಹಾಗೆ ಓಡಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಹಗಲು ಪಾಳಿಯ ಕಚೇರಿಯವರಿಗೆ ಅದು ಸರಿ. ವಾರಕ್ಕೊಮ್ಮೆ ಪಾಳಿ ತಿರುಗುವ ಕಾರ್ಖಾನೆಯವನಿಗೆ ರಾತ್ರಿ ಹನ್ನೊಂದಕ್ಕೆ ಯಾವ ರೈಲು ಕಾದಿರುತ್ತದೆ?

ಮುಂಗಡದ ವಿಚಾರವನ್ನೂ ಹೇಳಬೇಕು. ಓದಿದವರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬಹುಕಾಲದಿಂದ ನಡೆದುಬಂದ ರೂಢಿ. ೨೦೨೧ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯಗಳು ತಾವಾಗಿ ಶಾಸನ ಮಾಡಿಕೊಂಡಲ್ಲದೆ ಜಾರಿಗೆ ಬರುವುದಿಲ್ಲ. ಬಾಡಿಗೆ ಒಂಬತ್ತು ಸಾವಿರವಿದ್ದಾಗ ಸೇರಿಕೊಂಡ ಮಾವ ಕೊಟ್ಟಿರುವುದು ತೊಂಬತ್ತು ಸಾವಿರ. ಮೈಸೂರಿನವರು ಕೇಳುವುದು ನಲವತ್ತು. ಐವತ್ತು ಸಾವಿರ ಬಿಡುಗಡೆಯಾಯಿತೆಂದು ಹಿಗ್ಗಬೇಕಾಗಿಲ್ಲ. ಬಣ್ಣ ಬಳಿಸುವ ಬಾಬ್ತಿಗೆ ಒಂದು ತಿಂಗಳ ಬಾಡಿಗೆ ಹದಿಮೂರು ಸಾವಿರ ಮುರಿದುಕೊಳ್ಳುತ್ತಾರೆ. ಲಾರಿ, ಹಮಾಲಿ, ಹಾಲುಕ್ಕಿಸುವ ಖರ್ಚು ಹನ್ನೆರಡು ಸಾವಿರ. ಮಿಕ್ಕಿದ್ದು ಇಪ್ಪತ್ತೈದು ಸಾವಿರ. ತಿಂಗಳಿಗೆ ಐನೂರರ ಕೊರತೆಯನ್ನು ಅದರಿಂದ ತುಂಬಿಕೊಂಡರೆ ಐವತ್ತು ತಿಂಗಳು ನಡೆಯುತ್ತದೆ. ಕೆಲಸ ಬಿಟ್ಟರೆ ಗ್ರಾಚ್ಯುಟಿಯ ಹಣ ಬರುವುದಲ್ಲ ಎಂದು ಮಾವನ ವಾದ. ಅದು ದುಡಿದಾಗಿರುವ ಹಣ. ನಾಳೆ ಬರಬೇಕಾದದ್ದು ಇಂದು ಬರುತ್ತದೆ ಅಷ್ಟೆ. ಹೊಸ ಕಾರ್ಖಾನೆಯಲ್ಲಿ ಐದು ವರ್ಷದ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ.

ಲೆಕ್ಕ ಹೀಗೆ ಸಮತೂಕಕ್ಕೆ ಬಂದು ನಿಂತಾಗ ಯಾರನ್ನೂ ಕೇಳದೆ ಬಿಟ್ಟಿದ್ದ ಒಬ್ಬಳ ನೆನಪಾಯಿತು. ಅತ್ತೆಗೆ ಫೋನು ಮಾಡಿದೆ. ನಾನು ೧೧,೦೦೦ ಎಂದು ಬರೆದಿದ್ದ ಅಂಕಿಯನ್ನು ಕೇಳಿ ಅವಳು, “ಕೆಲಸ ಸಿಕ್ಕರೆ ಅಲ್ಲವೇನೇ?” ಎಂದಳು. ಮೈಸೂರು ರಸ್ತೆಯಲ್ಲಿ ಒಂದು ಗಾರ್ಮೆಂಟ್ಸ್ ಬಿಟ್ಟರೆ ಮಗ್ಗುಲಲ್ಲೇ ಇನ್ನೊಂದಿದೆ. ನಲವತ್ತು ದಾಟಿದವಳನ್ನು ಹೊಸ ಊರಿನಲ್ಲಿ ಹೊಸದಾಗಿ ಸೇರಿಸಿಕೊಳ್ಳುವವರು ಯಾರು? ಅವಳ ಸಂಬಳ ತೆಗೆದರೆ ಕೊರತೆ ಐನೂರಲ್ಲ, ಹನ್ನೊಂದೂವರೆ ಸಾವಿರ. ಇಪ್ಪತ್ತೈದು ಸಾವಿರ ಮೂರು ತಿಂಗಳಿಗೂ ಸಾಲದು. ಮಕ್ಕಳ ಜ್ವರಕ್ಕೂ ಮಾವನ ಬೆನ್ನುನೋವಿಗೂ ಇದುವರೆಗೆ ನಡೆದ ಚಿಕಿತ್ಸೆ ಅವಳ ಇ. ಎಸ್. ಐ. ಕಾರ್ಡಿನ ಮೇಲೆ, ಮಾವನ ಸಂಬಳ ಅದರ ಮಿತಿಯನ್ನು ಮೀರಿದ್ದು. ಅವಳ ಕೆಲಸ ನಿಂತರೆ ಆ ಕಾರ್ಡೂ ನಿಲ್ಲುತ್ತದೆ. ಮಾವನ ದೊಡ್ಡ ಸಂಬಳದ ಸುತ್ತ ನಾವು ಲೆಕ್ಕ ಕಟ್ಟಿದ್ದೆವು. ಕಂಬವಾಗಿ ನಿಂತಿದ್ದುದು ಅತ್ತೆಯ ಸಣ್ಣ ಸಂಬಳ.

ಅತ್ತೆ ಇನ್ನೂ ಒಂದು ಮಾತು ಹೇಳಿದಳು: ಊರು ಹತ್ತಿರವಾದರೆ ನೆಂಟರೂ ಹತ್ತಿರವಾಗುತ್ತಾರೆ. ಆಸ್ಪತ್ರೆಗೆಂದು ಬಂದವರು, ದಸರಾ ನೋಡಲು ಬಂದವರು, ಕೋರ್ಟಿಗೆ ಬಂದವರು. ಊರಿನ ರಾಗಿಯಿಂದ ಐನೂರು ಉಳಿಯುವುದೆಂದು ನಾನು ಬರೆದಿದ್ದೆನಲ್ಲ, ಆ ಮುದ್ದೆಯನ್ನು ತಿನ್ನುವವರನ್ನು ಎಣಿಸಿರಲಿಲ್ಲ. ಎಣಿಸಬೇಕಾದವರಲ್ಲಿ ಮೊದಲನೆಯವಳು ನಾನೇ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಹಾಗೆಂದು ಮೈಸೂರಿನ ಪಕ್ಷದಲ್ಲಿ ಏನೂ ಇಲ್ಲವೆಂದಲ್ಲ. ಹೊತ್ತು ಇದೆ. ೧೯೦೩ರಲ್ಲಿಯೇ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿ ಬೀದಿಗಳನ್ನು ಅಗಲ ಮಾಡಿದ ಊರು ಅದು. ಹೂಟಗಳ್ಳಿಯ ಮನೆಯಿಂದ ಕೈಗಾರಿಕಾ ಪ್ರದೇಶಕ್ಕೆ ಕಾಲು ಗಂಟೆಯ ಸೈಕಲ್ ದಾರಿ. ಅತ್ತೆ ಈಗ ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಸೇರುತ್ತಾಳೆ. ೨೦೨೩ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಬಸ್ಸಿನ ಖರ್ಚಿಲ್ಲ — ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಹುಣಸೂರಿಗೆ ಬರುವ ನನಗೂ ಇಲ್ಲ — ಆದರೆ ಬಸ್ಸಿನಲ್ಲಿ ನಿಂತ ಹೊತ್ತಿಗೆ ಟಿಕೆಟ್ಟಿನ ವಿನಾಯಿತಿ ಇಲ್ಲ. ಚಿಕ್ಕವನು ಶಾಲೆಯಿಂದ ಬಂದು ಬೀಗ ತೆಗೆದುಕೊಂಡು ಮೂರು ಗಂಟೆ ಒಬ್ಬನೇ ಇರುತ್ತಾನೆ. ಇದಕ್ಕೆ ಎಷ್ಟು ರೂಪಾಯಿಯೆಂದು ಬರೆಯಲಿ? ಐನೂರಕ್ಕಿಂತ ಹೆಚ್ಚೆಂದೇ ನನ್ನ ಮನಸ್ಸು ಹೇಳುತ್ತದೆ. ಹನ್ನೊಂದೂವರೆ ಸಾವಿರಕ್ಕಿಂತ ಹೆಚ್ಚೆನ್ನುವಷ್ಟು ಸ್ಥಿತಿವಂತರು ಅವರಲ್ಲ.

ಮೈಸೂರು ಬಿಟ್ಟು ಹುಣಸೂರಿಗೋ ಕೃಷ್ಣರಾಜನಗರಕ್ಕೋ ಬರಬಹುದಲ್ಲ ಎಂಬ ಸಲಹೆಯೂ ಬಂದಿತು. ಬಾಡಿಗೆ ಇನ್ನೂ ಕಡಿಮೆ, ಕೃಷ್ಣರಾಜನಗರಕ್ಕೆ ರೈಲೂ ಇದೆ. ಆದರೆ ನಮ್ಮ ಕಡೆಯ ಕೂಲಿ ಹೆಚ್ಚಾಗಿ ಹೊಗೆಸೊಪ್ಪಿನ ಕೂಲಿ. ಬೇರನ್ ಉರಿಯುವ ಕಾಲಕ್ಕೆ, ಹರಾಜಿನ ಕಾಲಕ್ಕೆ ಕೈತುಂಬ ಕೆಲಸ, ಉಳಿದಂತೆ ಜಗಲಿ. ಫಿಟ್ಟರ್‌ಗೆ ಇಲ್ಲಿ ಏನು ಮಾಡಲಿಕ್ಕಿದೆ? ಈ ಸಲಹೆಯನ್ನು ಯಾರೂ ಮುಂದುವರಿಸಲಿಲ್ಲ.

ಕರಾರು ಹನ್ನೊಂದು ತಿಂಗಳಿನದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕೆಂದು ೧೯೦೮ರ ನೋಂದಣಿ ಕಾಯಿದೆ ಹೇಳುವುದರಿಂದ ಎಲ್ಲರೂ ಒಂದು ತಿಂಗಳು ಕಡಿಮೆ ಬರೆಸುತ್ತಾರೆ. ಮಾವನದು ಈ ಮೇ ತಿಂಗಳಿಗೆ ಮುಗಿಯುತ್ತದೆ. ದೊಡ್ಡ ಹುಡುಗಿ ಜೂನಿನಲ್ಲಿ ಎಸ್. ಎಸ್. ಎಲ್. ಸಿ.ಗೆ ಬರುತ್ತಾಳೆ, ಆ ವರ್ಷ ಶಾಲೆ ಬದಲಿಸಿದರೆ ಅವಳಿಗೆ ತೊಂದರೆ. ಜೂನಿನಿಂದ ಇನ್ನೊಂದು ಕರಾರು ಬರೆದರೆ ಮುಂದಿನ ಏಪ್ರಿಲಿಗೆ ಮುಗಿಯುತ್ತದೆ, ಅಷ್ಟರಲ್ಲಿ ಅವಳ ಪರೀಕ್ಷೆಯೂ ಮುಗಿದಿರುತ್ತದೆ, ಪಿ. ಯು. ಸಿ.ಗೆ ಹೇಗೂ ಹೊಸ ಕಾಲೇಜು. ಈ ಹನ್ನೊಂದು ತಿಂಗಳೊಳಗೆ ಅತ್ತೆಗೆ ಮೈಸೂರಿನಲ್ಲಿ ಕೆಲಸ ಮೊದಲು ಗೊತ್ತಾಗಲಿ, ಆಮೇಲೆ ಮನೆ ಹುಡುಕಿ ಎಂದು ಬರೆದು ಕಳುಹಿಸಿದೆ. ಮಾವನಿಗೆ ಅಷ್ಟಾಗಿ ಒಪ್ಪಿಗೆಯಾದಂತಿಲ್ಲ. ಅತ್ತೆ ಮಾತ್ರ ದಸರೆಯ ರಜೆಯಲ್ಲಿ ಬಂದು ಎರಡು ಕಡೆ ವಿಚಾರಿಸುವುದಾಗಿ ಹೇಳಿದ್ದಾಳೆ. ಎಂ. ಎ. ಪ್ರವೇಶ ಅದಕ್ಕೂ ಮೊದಲೇ ಮುಗಿಯುವುದರಿಂದ ನಾನು ಹಾಸ್ಟೆಲಿನ ಅರ್ಜಿಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಹಣ ಕಟ್ಟಿ ಬಂದಿದ್ದೇನೆ.